ಹಾವಿನ ಪೊರೆ ಚೂರು ಚೂರಾಗಿ ಅಂಟ್ಕೊಂಡಿದೆ, ಕಣ್ಣಿನ ಮೇಲೂ ಉಳ್ಕೊಂಡಿದೆ, ಏನ್ ಮಾಡ್ಲಿ?

ಮದ್ದೂರ್‌ವಡೆ (ಮಿನಿಯಾಪೊಲಿಸ್)
ಫೆಬ್ರವರಿ 9, ರಾತ್ರಿ 10:40

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ಹಾವು ಸಾಕಿರೋದು ನಾನಲ್ಲ, ನನ್ನ ಮಗ. ಅವ್ನಿಗೆ 12 ವರ್ಷ, ಎರಡು ವರ್ಷ ಗೋಗರೆದು ಗೋಗರೆದು ಹೋದ ಬರ್ತ್‌ಡೇಗೆ ಒಂದು ಬಾಲ್ ಪೈಥಾನ್ (ವಿಷ ಇಲ್ದಿರೋ ಒಂದು ಜಾತಿ ಹೆಬ್ಬಾವು) ಮರಿ ಕೊಡಿಸ್ಕೊಂಡ. ಹೆದರಿದಾಗ ಅದು ತಲೆ ಒಳಗಿಟ್ಕೊಂಡು ಉಂಡೆ ಸುತ್ಕೊಂಡ್ಬಿಡುತ್ತೆ, ಅದನ್ನ ನೋಡಿ ನಮ್ಮನೆಯವ್ರು "ಇದೇನೋ ರಾಗಿ ಮುದ್ದೆ ಇದ್ದಂಗಿದೆ" ಅಂದ್ರು, ಅವತ್ತಿಂದ ಹೆಸರು ಮುದ್ದೆ ಅಂತಾನೇ ಆಗೋಯ್ತು. ಈಗ ಸುಮಾರು ಒಂದು ವರ್ಷದ್ದು, ಅಡುಗೆಮನೆ ತಕ್ಕಡೀಲಿ (ಹೌದು, ಬೈಸ್ಕೊಂಡಿದೀವಿ) 410 ಗ್ರಾಂ.

ವಿಷ್ಯ ಏನಪ್ಪಾ ಅಂದ್ರೆ, ಎರಡು ವಾರದ ಹಿಂದೆ ಮೈ ಬಣ್ಣ ಮಂಕಾಯ್ತು, ಕಣ್ಣು ಹಾಲು ಬೆರೆಸಿದ ನೀಲಿ ಥರ ಆಯ್ತು, ಸರಿ ಪೊರೆ ಬಿಡುತ್ತೆ ಅಂತ ಮಗ ಖುಷಿಯಾಗಿದ್ದ, ಆಮೇಲೆ ಕಣ್ಣು ತಿಳಿಯಾಯ್ತು, ನಾಲ್ಕು ದಿನ ಆದ್ಮೇಲೆ ನೋಡಿದ್ರೆ ಪೊರೆ ಕಾಲುಚೀಲ ಬಿಚ್ಚಿದಂಗೆ ಒಂದೇ ತುಂಡಾಗಿ ಬರೋ ಬದ್ಲು ಒಣಗಿದ ಈರುಳ್ಳಿ ಸಿಪ್ಪೆ ಥರ ಚೂರು ಚೂರು. ಬೆನ್ನ ಮೇಲೆ ಅರ್ಧ ಅಂಟ್ಕೊಂಡೇ ಇದೆ. ಬಾಲದ ತುದೀಲಿ ಉಂಗುರ ಹಾಕ್ದಂಗೆ ಸುತ್ಕೊಂಡಿದೆ. ಎಡಗಣ್ಣು ಮಬ್ಬಾಗಿ, ಮೇಲೆ ಗೆರೆ ಬಿದ್ದಂಗೆ ಕಾಣ್ತಿದೆ. ನಮ್ಮತ್ತೆ ಊರಿಂದ ಬಂದಿದಾರೆ, ಅವ್ರು ನೋಡ್ಬಿಟ್ಟು "ಕಣ್ಣಿಗೆ ಪೊರೆ ಬಂದಿದೆ ಕಣೇ, ನಿಮ್ಮಾವಂಗೂ ಹಿಂಗೇ ಬಂದಿತ್ತು, ಆಪರೇಷನ್ ಮಾಡ್ಸು" ಅಂತಾರೆ. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಮೂರು ವಾರದಿಂದ ಊಟಾನೂ ಮಾಡಿಲ್ಲ. (ಫ್ರೀಜರಲ್ಲಿ ಇಲಿ ಪ್ಯಾಕೆಟ್ ಇರೋ ವಿಷ್ಯ ಅತ್ತೆಗೆ ಇನ್ನೂ ಗೊತ್ತಿಲ್ಲ, ತೆಂಗಿನತುರಿ ಕೆಳಗೆ ಡಬ್ಬೀಲಿ ಮುಚ್ಚಿಟ್ಟಿದೀನಿ, ದಯವಿಟ್ಟು ಯಾರೂ ಫೋನ್ ಮಾಡಿ ಹೇಳ್ಬೇಡಿ.)

ಗ್ಲಾಸ್ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ, ಅದ್ರ ಮೇಲೆ ಹೀಟ್ ಲ್ಯಾಂಪು, ಕೆಳಗೆ ಆಸ್ಪೆನ್ ಮರದ ಹೊಟ್ಟು. ಅಂಗಡಿಯವ್ರೇ ಸೆಟ್ ಮಾಡಿ ಕೊಟ್ಟಿದ್ದು. ಒಳಗೆ ಗೋಡೆಗೆ ಅಂಟಿಸೋ ಮುಳ್ಳಿನ ಹ್ಯುಮಿಡಿಟಿ (ಗಾಳಿಯ ತೇವ ತೋರ್ಸೋ) ಮೀಟ್ರು ಇದೆ, ಅದು ಯಾವಾಗ್ಲೂ 50 ತೋರಿಸ್ತಿದೆ, ಅಂದ್ರೆ ಸರಿಯಾಗೇ ಇದೆ ಅಲ್ವಾ? ಮಗ ಟ್ವೀಜರಲ್ಲಿ ಕಣ್ಣಿಂದು ತೆಗೀತೀನಿ ಅಂತ ಕೂತಿದಾನೆ, ನಾನು ಬೇಡ ತಡಿ ಅಂತ ಕೈ ಹಿಡ್ಕೊಂಡು ಇಲ್ಲಿ ಟೈಪ್ ಮಾಡ್ತಿದೀನಿ. ಬೇಗ ಯಾರಾದ್ರೂ ಹೇಳಿ.

ಕೊಬ್ಬರಿಎಣ್ಣೆ_ರಾಜ
ಫೆಬ್ರವರಿ 9, ರಾತ್ರಿ 11:05

ಇದಕ್ಕೆಲ್ಲಾ ತಲೆ ಯಾಕೆ ಕೆಡಿಸ್ಕೋತೀರ ಮೇಡಂ, ಸ್ವಲ್ಪ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮೈಗೆಲ್ಲಾ ಸವರಿ, ಹತ್ತು ನಿಮಿಷ ಬಿಟ್ಟು ಮೆತ್ತಗೆ ಎಳೆದ್ರೆ ಸರ್ರ್ ಅಂತ ಬಂದ್ಬಿಡತ್ತೆ. ನಮ್ಮ ಫ್ರೆಂಡ್ ಒಬ್ಬ ಇಗ್ವಾನಾಗೆ ಹಂಗೇ ಮಾಡಿದ್ದು.

ಪೇಡಾಪ್ರಿಯ_ಟೆಕ್ಸಾಸ್
ಫೆಬ್ರವರಿ 9, ರಾತ್ರಿ 11:22

ಅಕ್ಕಾರ, ಮೊದ್ಲು ಆ ಹುಡುಗನ ಕೈಯಾಗಿಂದ ಟ್ವೀಜರ್ ಕಸ್ಕೊಂಡು ಬ್ಯಾರೆ ಖೋಲಿಯಾಗ ಇಡ್ರಿ. ಆಮ್ಯಾಲ ಉಳದದ್ದು ಓದ್ರಿ.

ಹಾವಿಗೆ ನಮ್ಮಂಗ ರೆಪ್ಪಿ ಇರೂದಿಲ್ಲ. ಕಣ್ಣಿನ ಮ್ಯಾಲೆ ಗಡಿಯಾರದ ಗ್ಲಾಸಿನಂಗ ಒಂದು ತೆಳುವಾದ ಚಿಪ್ಪು ಇರತೈತಿ, ಪೊರಿ ಬಿಡುವಾಗ ಆ ಚಿಪ್ಪಿನ ಮ್ಯಾಲಿನ ಪದರನೂ ಸೇರಿ ಬರಬೇಕು, ಐ ಕ್ಯಾಪ್ ಅಂತಾರ ಅದಕ್ಕ. ಈಗ ಹಳೇದು ಯಾವುದು ಹೊಸಾದು ಯಾವುದು ಅಂತ ನಮ್ಮ ನಿಮ್ಮ ಕಣ್ಣಿಗೆ ತಿಳಿಯೂದಿಲ್ಲ, ಟ್ವೀಜರಿಂದ ಕಿತ್ತಾಗ ಕೆಳಗಿನ ಹೊಸ ಪದರ ಕಿತ್ತು ಬಂತಂದ್ರ ಕಣ್ಣ ಹೋದಂಗ. ಕಣ್ಣಿನ ತಂಟೆಗೆ ಸದ್ಯ ಹೋಗಬ್ಯಾಡ್ರಿ.

ಎಣ್ಣಿ ಬಗ್ಗೆ: ಬ್ಯಾಡ. ಎಣ್ಣಿ ಮೈಗೆ ಹೊಟ್ಟು ಅಂಟಕೋತೈತಿ, ಗಲೀಜ ಆಗತೈತಿ, ಮತ್ತ ಪೊರಿ ಒಣಗಿರೋದು ನೀರಿಲ್ಲದ್ದಕ್ಕ, ಜಿಡ್ಡು ಇಲ್ಲದ್ದಕ್ಕಲ್ಲ. ಹಪ್ಪಳ ಮೆತ್ತಗಾಗಬೇಕಂದ್ರ ನೀರ ಚಿಮುಕಸ್ತೀರೋ ಎಣ್ಣಿ ಸವರ್ತೀರೋ?

ಈಗ ಈ ರಾತ್ರಿ ಮಾಡೂದು ಇಷ್ಟ. ಮುಚ್ಚಳ ಇರೋ ಒಂದು ಪ್ಲಾಸ್ಟಿಕ್ ಡಬ್ಬಿ ತಗೋರಿ, ಮುಚ್ಚಳಕ್ಕ ನಾಕೈದು ತೂತು ಹೊಡೀರಿ, ಹಳೇ ಟವೆಲ್ ಉಗುರ ಬೆಚ್ಚಗಿನ ನೀರಾಗ ಅದ್ದಿ ಚಲೋ ಹಿಂಡಿ ಒಳಗ ಹಾಸ್ರಿ, ಮ್ಯಾಲೊಂದು ಹಿಂಡಿದ ಟವೆಲ್ ಸಡ್ಲಾಗಿ ಹಾಕ್ರಿ, ಹಾವು ಎರಡರ ನಡುವ ತೂರಿಕೊಂಡು ಓಡ್ಯಾಡಲಿ. 30 ನಿಮಿಷ ಸಾಕು. ನೀರು 85 ಫ್ಯಾರನ್‌ಹೀಟ್ ಆಸುಪಾಸ ಇರಬೇಕು, ಅಂದ್ರ 29-30 ಡಿಗ್ರಿ. ನಮ್ಮೂರಾಗ ಬಾಣಂತಿಗೆ ಎರಿಯೋ ನೀರ ಅಲ್ಲ ಮತ್ತ, ಹಾವಿಗೆ ಬಿಸಿ ತಟ್ಟಿದ್ದು ಲಗೂನ ಗೊತ್ತಾಗೂದಿಲ್ಲ, ಸುಟ್ಟಕೊಂಡ ಮ್ಯಾಲೆ ಗೊತ್ತಾಗತೈತಿ. ಡಬ್ಬಿ ಹೀಟ್ ಲ್ಯಾಂಪಿನ ಕೆಳಗ ಇಡಬ್ಯಾಡ್ರಿ, ಬಿಟ್ಟು ಅಡಿಗಿ ಮನಿಗೂ ಹೋಗಬ್ಯಾಡ್ರಿ, ಬಾಜೂಕ ಕುಂದ್ರಬೇಕು. ಟಬ್ಬಿನಾಗ ನೀರ ತುಂಬಿ ನೆನಸೂದೂ ಉಂಟು, ಆದ್ರ ಬಾಲ್ ಪೈಥಾನಿಗೆ ಈಜಾಡೂದು ಅಷ್ಟು ಪ್ರೀತಿ ಇಲ್ಲ, ಗಾಬರಿ ಆಗತಾವು, ಅದಕ್ಕ ಟವೆಲ್ಲೇ ಚಲೋ ಅಂತ ನನ್ನ ಅನುಭವ. ಮತ್ತ ಅಡಿಗಿ ಪಾತ್ರಿ ಬಳಸಬ್ಯಾಡ್ರಿ, ಆ ತಕ್ಕಡಿನೂ ಸೋಪ್ ಹಚ್ಚಿ ತೊಳೀರಿ, ಹಾವು ಆಮಿ ಇವೆಲ್ಲಾ ಸಾಲ್ಮೊನೆಲ್ಲಾ ಅನ್ನೂ ಹೊಟ್ಟಿ ಕೆಡಸೂ ಬ್ಯಾಕ್ಟೀರಿಯಾ ಹೊತ್ಕೊಂಡಿರತಾವು.

ಹೊರಗ ತಗದ ಮ್ಯಾಲೆ ಒದ್ದಿ ಬಟ್ಟಿ ಒಂದು ಕೈಯಾಗ ಸಡ್ಲಾಗಿ ಹಿಡಕೊಂಡು ಅದರೊಳಗಿಂದ ಹಾವು ತಾನ ಹರದು ಹೋಗೂವಂಗ ಬಿಡ್ರಿ. ನೀವು ಎಳೀಬ್ಯಾಡ್ರಿ, ಹಾವು ಎಳೀಲಿ. ಬರದಿದ್ದದ್ದು ಇವತ್ತ ಬರೂದಿಲ್ಲ, ನಾಳಿ ಮತ್ತ ಮಾಡ್ರಿ. ಬಾಲದ ತುದಿ ಮಾತ್ರ ನೆಪ್ಪಿಟ್ಟು ಬಿಡಿಸ್ರಿ, ಆ ಉಂಗುರ ಒಣಗಿ ಬಿಗೀತಂದ್ರ ಬಳ್ಳಿಗೆ ದಾರ ಕಟ್ಟಿದಂಗ ರಕ್ತ ನಿಂತು ತುದಿ ಕರ್ರಗಾಗಿ ಉದುರತೈತಿ. ನನ್ನ ಮೊದಲನೇ ಕಾರ್ನ್ ಸ್ನೇಕಿಗೆ ಹಂಗ ಆಗೇ ಅರ್ಧ ಇಂಚ್ ಬಾಲ ಇಲ್ಲ, ನನ್ನದ ತಪ್ಪು, ನಾಳಿ ನೋಡೂಣು ನಾಳಿ ನೋಡೂಣು ಅಂತ ಕುಂತಿದ್ದೆ.

ಊಟದ್ದು ಚಿಂತಿ ಬ್ಯಾಡ, ಪೊರಿ ಬಿಡೂ ಟೈಮಿನಾಗ ಭಾಳ ಹಾವು ತಿನ್ನೂದಿಲ್ಲ.

ಮದ್ದೂರ್‌ವಡೆ
ಫೆಬ್ರವರಿ 10, ಬೆಳಗ್ಗೆ 8:15

ಅಣ್ಣ ನೀವು ಯಾರೋ ಏನೋ, ತುಂಬಾ ಥ್ಯಾಂಕ್ಸ್. ಟವೆಲ್ ಡಬ್ಬಿ ಮಾಡಿದ್ವಿ. ಬೆನ್ನ ಮೇಲಿಂದು ಮುಕ್ಕಾಲು ಪಾಲು ಹಂಗೇ ಕಳಚ್ಕೊಂಡು ಬಂತು, ಮಗ ಅಂತೂ ಕುಣಿದಾಡ್ಬಿಟ್ಟ. ಬಾಲದ್ದು ಇನ್ನೂ ಸ್ವಲ್ಪ ಇದೆ. ಕಣ್ಣು ಹಂಗೇ ಇದೆ, ಮುಟ್ಟಿಲ್ಲ.

ಆದ್ರೆ ಒಂದು ಅರ್ಥ ಆಗ್ಲಿಲ್ಲ, ಮೀಟ್ರಲ್ಲಿ 50 ಇದ್ಯಲ್ಲ, ಮತ್ತೆ ನೀರಿಲ್ಲ ಅಂದ್ರೆ ಹೆಂಗೆ? ಬೇಸಿಗೇಲಿ ಎರಡು ಸಲ ಚೆನ್ನಾಗೇ ಬಿಟ್ಟಿತ್ತು ಪೊರೆ.

ಪೇಡಾಪ್ರಿಯ_ಟೆಕ್ಸಾಸ್
ಫೆಬ್ರವರಿ 10, ಬೆಳಗ್ಗೆ 9:02

"ಬೇಸಿಗ್ಯಾಗ ಚೆನ್ನಾಗಿತ್ತು" ಅಂದ್ರಲ್ಲ, ಉತ್ತರ ಅಲ್ಲೇ ಐತಿ ನೋಡ್ರಿ. ನಿಮ್ಮ ಮಿನ್ನೆಸೋಟಾದಾಗ ಈಗ ಹೊರಗ ಮೈನಸ್ ಇಪ್ಪತ್ತು. ಅಷ್ಟು ಥಂಡಿ ಗಾಳಿಯಾಗ ನೀರಿನ ಅಂಶನ ಹಿಡಿಯೂದಿಲ್ಲ, ಅದನ್ನ ಮನಿಯೊಳಗ ತಂದು ಫರ್ನೇಸ್ ಹಚ್ಚಿ 70 ಫ್ಯಾರನ್‌ಹೀಟಿಗೆ ಕಾಸಿದ್ರ ಒಣಾ ಒಣ. ನಿಮ್ಮ ತುಟಿ ಒಡದಿಲ್ಲೇನು? ಡೋರಿನ ಹಿಡಿಕಿ ಮುಟ್ಟಿದ್ರ ಚಟ್ ಅಂತ ಕರೆಂಟ್ ಹೊಡೆಯೂದಿಲ್ಲೇನು? ಹಾವಿಗೂ ಅದ ಗಾಳಿ, ಅದರ ಮ್ಯಾಲೆ ಲ್ಯಾಂಪ್ ಬ್ಯಾರೆ, ಇದ್ದ ತೇವ ಜಾಲರಿ ಮುಚ್ಚಳದಾಗ ಹೊಗಿ ಹೋದಂಗ ಮ್ಯಾಲೆ ಹೋಗಿಬಿಡತೈತಿ.

ಮೀಟ್ರಿಗೆ ಒಂದು ಪರೀಕ್ಷಾ ಮಾಡ್ರಿ. ಬಾಟಲಿ ಮುಚ್ಚಳದಾಗ ಒಂದು ಚಮಚ ಉಪ್ಪು, ಅದು ಒದ್ದಿ ಮಣ್ಣಿನಂಗ ಆಗೂವಷ್ಟ ನೀರ, ಕರಗಬಾರದು. ಅದನ್ನೂ ಮೀಟ್ರನ್ನೂ ಒಂದು ಜಿಪ್ ಲಾಕ್ ಚೀಲದಾಗ ಹಾಕಿ ಮುಚ್ಚಿ 8 ತಾಸು ಬಿಡ್ರಿ. ಒಳಗ 75 ಪರ್ಸೆಂಟ್ ಬರಬೇಕು, ಅದು ಉಪ್ಪಿನ ಗುಣ. ನಿಮ್ಮ ಮುಳ್ಳು ಎಲ್ಲಿ ನಿಂದರತೈತಿ ಹೇಳ್ರಿ ನೋಡೂಣು.

ಮದ್ದೂರ್‌ವಡೆ
ಫೆಬ್ರವರಿ 10, ಸಂಜೆ 6:30

ಉಪ್ಪಿನ ಚೀಲದಲ್ಲಿ 52. ಅಲ್ಲಿಂದ ತೆಗ್ದು ಊಟದ ಟೇಬಲ್ ಮೇಲಿಟ್ರೆ 50. ಫ್ರಿಜ್ ಒಳಗಿಟ್ರೂ 50. ಒಂದು ವರ್ಷದಿಂದ ಈ ಮುಳ್ಳನ್ನ ನಂಬ್ಕೊಂಡಿದ್ವಿ. ಡಿಜಿಟಲ್ಲು ತಂದ್ವಿ, ವೈರ್ ತುದೀಲಿ ಪ್ರೋಬ್ ಇರೋದು, ಟ್ಯಾಂಕಲ್ಲಿ ಹಾವಿರೋ ಮಟ್ಟದಲ್ಲಿ ಇಟ್ರೆ 22. ಇಪ್ಪತ್ತೆರಡು!! ಪಾಪ ನಮ್ಮ ಮುದ್ದೆ.

ಅತ್ತೆ ಕೇಳಿದ್ರು, ಬರೀ ಸ್ಪ್ರೇ ಬಾಟಲಲ್ಲಿ ದಿನಾ ನೀರು ಹೊಡೆದ್ರೆ ಆಗಲ್ವಾ ಅಂತ.

ಡಾಕ್ಟ್ರಮ್ಮ_ಬೆಂಗ್ಳೂರು
ಫೆಬ್ರವರಿ 11, ಮಧ್ಯಾಹ್ನ

ನಾನು ಪಶುವೈದ್ಯೆ, ನಾಯಿ ಬೆಕ್ಕಿನ ಜೊತೆ ಪಕ್ಷಿ, ಆಮೆ, ಹಾವುಗಳನ್ನೂ ನೋಡ್ತೀನಿ. ಪೇಡಾಪ್ರಿಯ ಅವರು ಹೇಳಿರೋದು ಬಹುಪಾಲು ಸರಿ, ಕೆಲವು ಸೇರಿಸ್ತೀನಿ.

ಬರೀ ಸ್ಪ್ರೇ ಹೊಡೆದ್ರೆ ಒಂದು ಗಂಟೆ 80 ಇರತ್ತೆ ಆಮೇಲೆ ಮತ್ತೆ 25ಕ್ಕೆ ಬೀಳತ್ತೆ. ಅದೂ ಅಲ್ದೆ ಮೇಲ್ಮೈ ಸದಾ ಒದ್ದೆ ಇದ್ರೆ ಹೊಟ್ಟೆ ಭಾಗದ ಹುರುಪೆಗಳು ಕೊಳೆಯೋಕೆ ಶುರು ಆಗತ್ತೆ, ಮೊದಲು ಕೆಂಪಗೆ, ಆಮೇಲೆ ಕಂದು ಕಲೆ, ಗುಳ್ಳೆ. ಪೊರೆ ಸರಿ ಮಾಡಕ್ ಹೋಗಿ ಈ ಕಾಯಿಲೆ ತಂದ್ಕೊಂಡವರನ್ನ ನಾನು ಪೊರೆ ಕಂಪ್ಲೇಂಟಿನವರಷ್ಟೇ ನೋಡಿದೀನಿ. ಬೇಕಾಗಿರೋದು ತೇವದ ಗಾಳಿ, ಒದ್ದೆ ನೆಲ ಅಲ್ಲ. ಆಸ್ಪೆನ್ ಹೊಟ್ಟು ನೀರು ತಾಗಿದ್ರೆ ಬೂಷ್ಟು ಹಿಡಿಯತ್ತೆ, ಅದನ್ನ ತೆಗ್ದು ತೆಂಗಿನ ಸಿಪ್ಪೆ ಚೂರು ಅಥವಾ ನಾರಿನ ಪುಡಿ ಮೂರು ನಾಲ್ಕು ಇಂಚು ದಪ್ಪ ಹಾಕಿ, ಮೂಲೆಗಳಲ್ಲಿ ನೀರು ಸುರೀರಿ, ಅಡಿ ಪದರ ಒದ್ದೆ, ಮೇಲೆ ಒಣಗಿರ್ಬೇಕು. ಜಾಲರಿ ಮುಚ್ಚಳದ ಮುಕ್ಕಾಲು ಭಾಗ ಅಲ್ಯೂಮಿನಿಯಂ ಟೇಪಿಂದ ಮುಚ್ಚಿ, ಲ್ಯಾಂಪಿನ ಸುತ್ತ ಜಾಗ ಬಿಟ್ಟು, ಟೇಪಿನ ಅಂಟು ಒಳಗಡೆ ಹಾವಿಗೆ ಸಿಗದ ಹಾಗೆ. ಹಾವಿಗೆ ಟೇಪ್ ಅಂಟಿದ್ರೆ ಅದು ಇನ್ನೊಂದು ದೊಡ್ಡ ಕತೆ. ಸಾಧಾರಣ ದಿನದಲ್ಲಿ 60ರ ಆಸುಪಾಸು, ಕಣ್ಣು ನೀಲಿಯಾದಾಗ 70ರ ತನಕ ಇದ್ರೆ ಒಳ್ಳೇದು. ಶಾಖದ ಕಡೆ 31-32 ಡಿಗ್ರಿ, ತಂಪಿನ ಕಡೆ 25-26, ಲ್ಯಾಂಪಿಗೆ ಥರ್ಮೋಸ್ಟಾಟ್ (ಶಾಖ ಮಿತಿ ಮೀರದ ಹಾಗೆ ನೋಡ್ಕೊಳ್ಳೋ ಸಾಧನ) ಇದೆಯಾ? ನೀವು ಬರೆದಿಲ್ಲ. ಇಲ್ದಿದ್ರೆ ಇವತ್ತೇ ತಗೊಳಿ. ತೇವ ಜಾಸ್ತಿ ಮಾಡಿ ತಾಪಮಾನ ಕಮ್ಮಿ ಇಟ್ರೆ ಶ್ವಾಸಕೋಶಕ್ಕೆ ಸೋಂಕು ಬರತ್ತೆ. ಬಾಯಿ ತೆರ್ಕೊಂಡು ಉಸಿರಾಡೋದು, ಮೂಗಲ್ಲಿ ಗುಳ್ಳೆ, ಗೊರಗೊರ ಶಬ್ದ ಇವೆಲ್ಲ ಕಂಡ್ರೆ ಕಾಯಬೇಡಿ.

ಇನ್ನು ಕಣ್ಣು. ಒಣ ಹವೇಲಿ ನೀರು ಕಮ್ಮಿಯಾದ ಹಾವಿನ ಕಣ್ಣಿನ ಚಿಪ್ಪೇ ಒಳಗೆ ತಗ್ಗು ಬಿದ್ದ ಹಾಗೆ, ಸುಕ್ಕು ಹಿಡಿದ ಹಾಗೆ ಕಾಣತ್ತೆ, ಎಷ್ಟೋ ಸಲ ಅಲ್ಲಿ ಹಳೇ ಪದರ ಉಳಿದೇ ಇರಲ್ಲ, ಜನ ಇಲ್ಲದ್ದನ್ನ ಕೀಳಕ್ಕೆ ಹೋಗ್ತಾರೆ. ಪತ್ತೆ ಮಾಡೋದು ಹೀಗೆ: ಬಿದ್ದ ಪೊರೆಯ ಚೂರುಗಳಲ್ಲಿ ತಲೆ ಭಾಗ ಹುಡುಕಿ, ನೀರಲ್ಲಿ ನೆನೆಸಿ ಬಿಡಿಸಿ, ಬೆಳಕಿಗೆ ಹಿಡೀರಿ. ಕಣ್ಣಿನ ಜಾಗದಲ್ಲಿ ದುಂಡಗೆ ಗಾಜಿನ ಬಿಲ್ಲೆ ಥರ ಇದ್ರೆ ಆ ಕಣ್ಣಿಂದು ಬಂದಿದೆ. ತೂತು ಇದ್ರೆ ಬಂದಿಲ್ಲ.

ಒಂದೇ ಪದರ ಉಳಿದಿದ್ರೆ ಅದು ಇವತ್ತು ರಾತ್ರಿಯೇ ಓಡ್ಕೊಂಡು ಹೋಗೋ ಎಮರ್ಜೆನ್ಸಿ ಅಲ್ಲ, ತೇವ ಸರಿ ಮಾಡಿದ್ರೆ ಸಾಮಾನ್ಯವಾಗಿ ಮುಂದಿನ ಪೊರೆ ಜೊತೆ ಬಂದ್ಬಿಡತ್ತೆ. ಎರಡು ಮೂರು ಸಲದ್ದು ಒಂದರ ಮೇಲೊಂದು ಕೂತ್ರೆ, ಅಥವಾ ಕಣ್ಣು ಊದ್ಕೊಂಡು ಕೀವು ಕಂಡ್ರೆ, ಸರೀಸೃಪ ನೋಡೋ ವೆಟ್ ಹತ್ರ ಹೋಗ್ಲೇಬೇಕು.

ಆಮೇಲೆ, ನೀರಿನ ಬಟ್ಟಲಲ್ಲಿ ಕರೀ ಎಳ್ಳಿಗಿಂತ ಚಿಕ್ಕ ಚುಕ್ಕೆಗಳು ಮುಳುಗಿರೋದು ಕಾಣಿಸ್ತಾ? ಹಾವು ಹೊತ್ತಿಲ್ದ ಹೊತ್ತಲ್ಲಿ ನೀರಲ್ಲೇ ಕೂತಿರತ್ತಾ? ಕಣ್ಣಿನ ಅಂಚಲ್ಲಿ, ಗದ್ದದ ಕೆಳಗೆ ಕರೀ ಚುಕ್ಕೆ? ಹಾವಿನ ಉಣ್ಣೆ (ಮೈಟ್, ರಕ್ತ ಹೀರೋ ಸಣ್ಣ ಹುಳ) ಇದ್ರೂ ಪೊರೆ ಕೆಡತ್ತೆ. ಬಿಳೀ ಟಿಶ್ಯೂ ಪೇಪರಲ್ಲಿ ಮೈ ಒರೆಸಿ ನೋಡಿ. ಇದ್ರೆ ಅಂಗಡಿಯ ಔಷಧಿ ಸುಮ್ನೆ ಸಿಂಪಡಿಸ್ಬೇಡಿ, ನಾಯಿಯ ಉಣ್ಣೆಗೆ ಕೊಡೋ ಕೆಲವು ಔಷಧಿ ಹಾವನ್ನೇ ಕೊಲ್ಲತ್ತೆ.

ಮಲ್ನಾಡ್_ಜಡಿಮಳೆ
ಫೆಬ್ರವರಿ 11, ರಾತ್ರಿ

ನಾನು ಹಾವು ಸಾಕಿದವನಲ್ಲ, ತೀರ್ಥಹಳ್ಳಿ ಕಡೆಯವನು, ಮನೆಗೆ ಬಂದ ಹಾವನ್ನ ಫಾರೆಸ್ಟಿನವರ ಜೊತೆ ಹೋಗಿ ಹಿಡಿದು ಕಾಡಿಗೆ ಬಿಡುವ ಕೆಲಸ ಮಾಡ್ತೇನೆ. ಓದ್ತಾ ಓದ್ತಾ ಒಂದು ವಿಷಯ ಹೇಳುವ ಅನ್ನಿಸ್ತು ಮಾರಾಯ್ರೆ.

ನಮ್ಮಲ್ಲಿ ಪೊರೆ ಸಿಗೋದು ಎಲ್ಲಿ ಹೇಳಿ? ಸೌದೆ ಕೊಟ್ಟಿಗೆಯಲ್ಲಿ, ಪಾಗಾರದ ಕಲ್ಲಿನ ಸಂದಿಯಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಸೋಗೆ ಅಡಿಯಲ್ಲಿ. ಬೋಳು ಅಂಗಳದ ಮಧ್ಯೆ ಪೊರೆ ಬಿದ್ದದ್ದು ನಾನು ನೋಡಿದ್ದು ಕಮ್ಮಿ. ಹಾವು ಮೊದಲು ಮೂತಿಯನ್ನ ಕಲ್ಲಿಗೋ ಕಟ್ಟಿಗೆಗೋ ಉಜ್ಜಿ ತುಟಿ ಹತ್ರ ಬಿಡಿಸ್ಕೊಳ್ತದೆ, ಆಮೇಲೆ ಇಕ್ಕಟ್ಟಿನ ಜಾಗದಲ್ಲಿ ತೂರ್ತಾ ಹೋದ ಹಾಗೆ ಪೊರೆ ಹಿಂದೆ ಸಿಕ್ಕಿ ಒಳಮೈ ಹೊರಗಾಗಿ ಮಗುಚ್ತದೆ. ಒಮ್ಮೆ ಕೇರೆ ಹಾವು ಪೊರೆ ಬಿಡೋದನ್ನ ಪೂರ್ತಿ ನೋಡಿದ್ದೆ, ದನದ ಕೊಟ್ಟಿಗೆ ಹಿಂದೆ, ಕೂತು ನೋಡ್ತಾ ಕಾಫಿ ತಣ್ಣಗಾಗಿ ಹೋಯ್ತು, ಕೊನೆಗೆ ಬಾಲ ಬಿಡಿಸ್ಕೊಂಡು ಒಂದು ಸಲ ತಿರುಗಿಯೂ ನೋಡದೆ ಹೋಯ್ತು ಅದು. ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಉಜ್ಜಿಕೊಳ್ಳಕ್ಕೆ ಎಂತ ಇದೆ? ಒಂದು ಒರಟು ಕೊರಡು, ಒಂದು ಚಪ್ಪಟೆ ಕಲ್ಲು ಗಟ್ಟಿಯಾಗಿ ಕೂರಿಸಿ. ಕಲ್ಲು ನೇರ ತಳಕ್ಕೆ ತಾಗಿರಲಿ, ಹೊಟ್ಟಿನ ಮೇಲೆ ಇಟ್ರೆ ಹಾವು ಅಡಿಯಲ್ಲಿ ತೋಡಿ ಜಪ್ಪಿಹೋದೀತು.

ಇನ್ನೊಂದು, ನಿಮ್ಮ ಮುದ್ದೆಯ ಜಾತಿ ಆಫ್ರಿಕಾದ್ದು, ಘಾನಾ, ಟೋಗೋ, ಬೆನಿನ್ ಕಡೆ. ಅಲ್ಲಿ ಅದು ಹಗಲಿಡೀ ಇರೋದು ಇಲಿ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ. ಹೊರಗೆ ಹುಲ್ಲೆಲ್ಲ ಒಣಗಿದ್ರೂ ಹುತ್ತದ ಒಳಗೆ ಕೈ ಹಾಕಿದ್ರೆ (ಹಾಕ್ಬೇಡಿ) ತಂಪು, ತೇವ. ಅಂದ್ರೆ ಇಡೀ ಟ್ಯಾಂಕು ಒದ್ದೆ ಮಾಡಬೇಕಂತ ಇಲ್ಲ, ಅದಕ್ಕೊಂದು ಹುತ್ತ ಬೇಕು ಅಷ್ಟೇ. ಸಾಕಿದವರು ಅದಕ್ಕೆ ಎಂತ ಹೇಳ್ತಾರೋ ನಂಗೊತ್ತಿಲ್ಲ.

ಪೇಡಾಪ್ರಿಯ_ಟೆಕ್ಸಾಸ್
ಫೆಬ್ರವರಿ 11, ರಾತ್ರಿ

ಹ್ಯುಮಿಡ್ ಹೈಡ್ ಅಂತೀವ್ರಿ, ಇನ್ನ ಮ್ಯಾಲೆ ನಾನೂ ಹುತ್ತ ಅಂತೀನಿ.

ಅಕ್ಕಾರ, ನಿಮ್ಮ ಮನ್ಯಾಗ 5 ಪೌಂಡಿನ ಮೊಸರಿನ ಡಬ್ಬಿ ಎಷ್ಟರ ಇರತಾವು, ಕನ್ನಡದವ್ರ ಮನಿ ಅಲ್ಲೇನು. ಒಂದು ತೊಳದು, ಬಾಜೂಕ ಹಾವಿನ ಮೈಕಿಂತ ಎರಡು ಪಟ್ಟು ಅಗಲದ ತೂತು ಕೊರೀರಿ, ಅಂಚು ಸ್ಯಾಂಡ್‌ಪೇಪರ್‌ಲೆ ಉಜ್ಜಿ ನುಣ್ಣಗ ಮಾಡ್ರಿ. ನರ್ಸರಿಯಾಗ ಸ್ಫ್ಯಾಗ್ನಮ್ ಮಾಸ್ ಸಿಗತೈತಿ, ಒಂಥರಾ ಒಣಗಿದ ಪಾಚಿ, ಗೊಬ್ಬರ ಬೆರಸದ್ದು ತಗೋರಿ, ನೆನಸಿ ಒಂದು ಹನಿನೂ ಬೀಳದಂಗ ಹಿಂಡಿ ಅರ್ಧ ಡಬ್ಬಿ ತುಂಬ್ರಿ. ಬೆಚ್ಚಗಿನ ಕಡೆ ಇಡ್ರಿ, ಲ್ಯಾಂಪಿನ ಕೆಳಗ ಅಲ್ಲ, ಸ್ವಲ್ಪ ಸರಿಸಿ. ವಾರಕ್ಕೊಮ್ಮೆ ಮಾಸ್ ಬದಲಿ, ಹೇತದ್ದ ಕಂಡ್ರ ಅವತ್ತ.

ಜೆಪಿನಗರ_ಜಾಯ್
ಫೆಬ್ರವರಿ 12

ಸೂಪರ್ ಥ್ರೆಡ್ ಗುರು. ನಂಗೂ ಹಾವು ಸಾಕೋ ಆಸೆ, ಬೆಂಗ್ಳೂರಲ್ಲಿ ಸಾಕ್ಬೋದಾ? ನಮ್ಮ ಸೈಟ್ ಹತ್ರ ಒಂದು ಮಣ್ಣುಮುಕ್ಕ ಮರಿ ಸಿಕ್ಕಿದೆ, ಬಕೆಟಲ್ಲಿ ಇಟ್ಟಿದೀನಿ, ಅದಕ್ಕೂ ಈ ಮೊಸರಿನ ಡಬ್ಬ ಆಗತ್ತಾ?

ಮಲ್ನಾಡ್_ಜಡಿಮಳೆ
ಫೆಬ್ರವರಿ 12

ತಮ್ಮಾ, ಬಕೆಟ್ ಎತ್ಕೊಂಡು ಹೋಗಿ ಸಿಕ್ಕಿದ ಜಾಗದಲ್ಲೇ ಬಿಡು, ಇಲ್ಲಾ ಫಾರೆಸ್ಟ್ ಆಫೀಸಿಗೆ ಫೋನ್ ಮಾಡು, ಇವತ್ತೇ. ನಮ್ಮ ದೇಶದ ಹಾವು ಯಾವುದನ್ನೂ ಮನೇಲಿ ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಕೇಸ್ ಬೀಳ್ತದೆ. ಮಣ್ಣುಮುಕ್ಕ ಅಂದ್ರಂತೂ ಎರಡು ತಲೆ ಹಾವು, ನಿಧಿ ತೋರಿಸ್ತದೆ ಅಂತ ಲಕ್ಷಗಟ್ಟಲೆ ಆಸೆ ತೋರಿಸಿ ಮಾರೋ ಗ್ಯಾಂಗುಗಳೇ ಇವೆ, ನಿನ್ನನ್ನೂ ಅವರ ಲಿಸ್ಟಿಗೆ ಸೇರಿಸ್ತಾರೆ.

ಡಾಕ್ಟ್ರಮ್ಮ_ಬೆಂಗ್ಳೂರು
ಫೆಬ್ರವರಿ 12

ಜಾಯ್, ಅವರು ಹೇಳಿದ್ದೇ ಸರಿ. ಬಾಲ್ ಪೈಥಾನ್ ಥರ ಹೊರದೇಶದ್ದಾದ್ರೆ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಆದ್ಮೇಲೆ ಅದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಾಯಿಸ್ಬೇಕು, 2024ರಲ್ಲಿ ಅದರ ನಿಯಮ ಬಂದಿದೆ. ಕಾಗದ ಇಲ್ದೆ ಯಾರೋ ಇನ್‌ಸ್ಟಾಗ್ರಾಮಲ್ಲಿ ಮಾರ್ತಾರೆ ಅಂತ ತಗೊಂಡು ಆಮೇಲೆ ಪೊರೆ ಬಿಡ್ತಿಲ್ಲ ಅಂತ ನಮ್ಮ ಹತ್ರ ತರಕ್ಕೂ ಹೆದರ್ತಾರೆ, ಅಷ್ಟೊತ್ತಿಗೆ ಹಾವಿನ ಸ್ಥಿತಿ ಕೈಮೀರಿರತ್ತೆ.

ಪೊರೆ ಸಿಕ್ಕಿಕೊಂಡ ಹಾವು ನೋಡ್ಬೇಕಂದ್ರೆ ಹಾವಾಡಿಗರ ಬುಟ್ಟಿಯಿಂದ ಬಿಡಿಸಿದ ನಾಗರಹಾವು ನೋಡ್ಬೇಕು. ನಾಗರ ಪಂಚಮಿಗೆ ಹಾಲು ಕುಡೀಲಿ ಅಂತ ವಾರಗಟ್ಟಲೆ ನೀರು ಕೊಡದೆ ಒಣಗಿಸಿರ್ತಾರೆ, ಹೆಡೆ ಮೇಲೆಲ್ಲ ಹಳೇ ಪೊರೆ, ಅದರ ಮೇಲೆ ಅರಿಶಿನ ಕುಂಕುಮ ಮೆತ್ತಿ ಕಣ್ಣೇ ಕಾಣಲ್ಲ. ಬಾಯಾರಿ ಹಾಲು ಕುಡಿಯತ್ತೆ, ನಾವು ಪವಾಡ ಅಂತೀವಿ, ಅರಗಿಸಿಕೊಳ್ಳೋಕೆ ಆಗ್ದೆ ಆಮೇಲೆ ಎಷ್ಟೋ ಸಾಯ್ತವೆ.

ಮದ್ದೂರ್‌ವಡೆ ಅವರೇ, ಕಣ್ಣಿನ ಬಿಲ್ಲೆ ಸಿಕ್ತಾ?

ಮದ್ದೂರ್‌ವಡೆ
ಫೆಬ್ರವರಿ 13

ಸಿಕ್ತು ಡಾಕ್ಟ್ರೇ! ಮಗ ಎಲ್ಲಾ ಚೂರನ್ನೂ ತಟ್ಟೇಲಿ (ಪ್ಲಾಸ್ಟಿಕ್ ತಟ್ಟೆ, ಬಿಸಾಕೋದು) ನೆನೆಹಾಕಿ ಜಿಗ್‌ಸಾ ಪಜ಼ಲ್ ಥರ ಜೋಡಿಸ್ದ, ಮೂರು ಗಂಟೆ ಹೋಮ್‌ವರ್ಕ್ ಬಿಟ್ಟು. ಬಲಗಣ್ಣಿಂದು ನೀವು ಹೇಳ್ದಂಗೇ ಗಾಜಿನ ಬಿಲ್ಲೆ ಇದೆ. ಎಡಗಣ್ಣಿನ ಜಾಗದಲ್ಲಿ ತೂತು. ಅಂದ್ರೆ ಉಳ್ಕೊಂಡಿದೆ. ಉಣ್ಣೆ ಇಲ್ಲ, ಬಿಳೀ ಪೇಪರ್ ಬಿಳೀನೇ ಇದೆ. ಬಾಲದ ಉಂಗುರ ಮೂರನೇ ದಿನ ಒದ್ದೆ ಬಟ್ಟೇಲಿ ಹೊರಳಿಸ್ತಾ ಇದ್ದಂಗೆ ಬಿಚ್ಕೊಂಡು ಬಂತು, ಕೆಳಗೆ ಚರ್ಮ ಚೆನ್ನಾಗೇ ಇದೆ, ಕಪ್ಪಾಗಿಲ್ಲ.

ಥರ್ಮೋಸ್ಟಾಟ್ ಇರ್ಲಿಲ್ಲ, ಹೇಳ್ಕೊಳಕ್ಕೆ ನಾಚಿಕೆ ಆಗುತ್ತೆ. ಈಗ ಹಾಕಿದೀವಿ. ಅಂಗಡಿಯವ್ನು ಅದು ಬೇಡ ಅಂದಿದ್ದ, ಆ ಮುಳ್ಳಿನ ಮೀಟ್ರೂ ಅವ್ನೇ ಕೊಟ್ಟಿದ್ದು, ಇರ್ಲಿ ಬಿಡಿ.

ಹುತ್ತ ಅಂದ ತಕ್ಷಣ ನಮ್ಮತ್ತೆ ಕಿವಿ ನೆಟ್ಟಗಾಯ್ತು. ಇಷ್ಟು ದಿನ ಆ ರೂಮಿನ ಬಾಗ್ಲು ದಾಟದವ್ರು ಒಳಗೆ ಬಂದು, ಮೊಸರಿನ ಡಬ್ಬ ಬೆಳ್ಳಗಿದ್ರೆ ಹುತ್ತ ಹೆಂಗಾಗುತ್ತೆ ಅಂತ ಅದಕ್ಕೆ ತೆಂಗಿನ ನಾರು ಸುತ್ತಿ ದಾರ ಕಟ್ಟಿ ಕೊಟ್ರು. ಅಂಟು ಹಾಕಿಲ್ಲ, ಕೇಳ್ಕೊಂಡೆ. ಇಲಿ ವಿಷ್ಯನೂ ಗೊತ್ತಾಗೋಯ್ತು, ತೆಂಗಿನತುರಿ ಹುಡುಕ್ತಾ ಡಬ್ಬಿ ತೆಗ್ದಿದಾರೆ. ಒಂದು ದಿನ ಮಾತಾಡ್ಲಿಲ್ಲ. ಎರಡನೇ ದಿನ "ಹಾವು ಇಲಿ ತಿನ್ದೆ ಇನ್ನೇನು ಉಪ್ಪಿಟ್ಟು ತಿನ್ನುತ್ತಾ, ಆದ್ರೆ ಬೇರೆ ಫ್ರಿಜ್ ತಗೊಳ್ಳಿ" ಅಂದ್ರು. ತಗೊಂಡ್ವಿ, ಚಿಕ್ದು, ಗ್ಯಾರೇಜಲ್ಲಿದೆ.

ಇಲ್ಲಿ ಒಬ್ರು ಎಕ್ಸಾಟಿಕ್ ವೆಟ್‌ಗೂ (ಹಾವು, ಆಮೆ ಥರದ್ದನ್ನ ನೋಡೋ ಪಶುವೈದ್ಯರು) ತೋರಿಸಿದ್ವಿ, ಅವ್ರೂ ಕಣ್ಣು ಮುಟ್ಟಬೇಡಿ, ಮುಂದಿನ ಪೊರೆವರೆಗೂ ಕಾಯಿರಿ ಅಂದ್ರು.

ಕೊಬ್ಬರಿಎಣ್ಣೆ_ರಾಜ
ಫೆಬ್ರವರಿ 13

ಕೊನೇಗೂ ತೆಂಗು ಬಂತಲ್ಲ, ನಾನು ಹೇಳಿದ್ದು ಪೂರ್ತಿ ತಪ್ಪಲ್ಲ ಹಂಗಾದ್ರೆ 😄

ಮದ್ದೂರ್‌ವಡೆ
ಮಾರ್ಚ್ 24

ಅಪ್‌ಡೇಟ್ ಹಾಕ್ತೀನಿ ಅಂದಿದ್ದೆ.

ಮಾರ್ಚ್ 12ಕ್ಕೆ ಮತ್ತೆ ಕಣ್ಣು ನೀಲಿ ಆಯ್ತು. ಈ ಸಲ ಮುಟ್ಲಿಲ್ಲ, ಎತ್ಲಿಲ್ಲ, ಊಟ ತೋರಿಸ್ಲಿಲ್ಲ, ತೇವ 68-70 ಇತ್ತು. ಮುದ್ದೆ ಅತ್ತೆ ಕಟ್ಟಿದ ಹುತ್ತದಲ್ಲೇ ಐದು ದಿನ ಕೂತಿತ್ತು, ಮೂತಿ ಮಾತ್ರ ಹೊರಗೆ. 21ರ ಬೆಳಗ್ಗೆ ಮಗ ಕಿರುಚಿದ ಸದ್ದಿಗೆ ನಾವೆಲ್ಲ ಓಡಿದ್ವಿ, ನೋಡಿದ್ರೆ ಕೊರಡಿನ ಸುತ್ತ ಒಂದೇ ತುಂಡು, ಮೂತಿಯಿಂದ ಬಾಲದ ತುದಿವರೆಗೆ, ಇನ್ನೂ ತಣ್ಣಗೆ ಒದ್ದೆ ಇತ್ತು. ಎಡಗಣ್ಣಿನ ಜಾಗದಲ್ಲಿ ಬಿಲ್ಲೆ ದಪ್ಪಗಿದೆ, ಬೆಳಕಿಗೆ ಹಿಡಿದ್ರೆ ಎರಡು ಪದರ. ಮುದ್ದೆಯ ಎರಡು ಕಣ್ಣೂ ಈಗ ಫಳಫಳ. ಮಾರನೇ ದಿನವೇ ಇಲಿ ತಿಂತು.

ಪೊರೆ ಹಾವಿಗಿಂತ ಉದ್ದ ಇದೆ ಅಂತ ಅತ್ತೆಗೆ ಆಶ್ಚರ್ಯ. ಅಳೆದು ನೋಡಿ, ಮಡಚಿ ಕಾಗದದಲ್ಲಿ ಸುತ್ತಿ, ಮುಂದಿನ ತಿಂಗ್ಳು ಊರಿಗೆ ತಗೊಂಡೋಗಿ ಬೀರುವಲ್ಲಿಡ್ತೀನಿ, ದುಡ್ಡು ನಿಲ್ಲುತ್ತೆ ಅಂತಿದಾರೆ. ತಗೊಂಡೋಗ್ಬೋದಾ?

ಡಾಕ್ಟ್ರಮ್ಮ_ಬೆಂಗ್ಳೂರು
ಮಾರ್ಚ್ 25

ತುಂಬಾ ಖುಷಿಯಾಯ್ತು! ಆದ್ರೆ ಸೂಟ್‌ಕೇಸಿಗೆ ಹಾಕ್ಬೇಡಿ. ಹೆಬ್ಬಾವಿನ ಜಾತಿಗಳೆಲ್ಲ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟೀಲಿವೆ, ಚರ್ಮ ಪೊರೆ ಏನೇ ಆದ್ರೂ ದೇಶ ದಾಟಿಸೋಕೆ ಪರ್ಮಿಟ್ ಕೇಳ್ತಾರೆ. ಏರ್‌ಪೋರ್ಟಲ್ಲಿ ನಿಮ್ಮತ್ತೆ ಕಸ್ಟಮ್ಸಿನವರಿಗೆ ಬೀರು ಕತೆ ಹೇಳ್ಬೇಕಾಗತ್ತೆ.

ಮದ್ದೂರ್‌ವಡೆ
ಮಾರ್ಚ್ 25

ಹೇಳಿದೆ. "ಹಾವಿನ ಸಿಪ್ಪೆಗೂ ವೀಸಾನಾ" ಅಂದ್ರು. ಈಗ ಅದು ಮಗನ ಸೈನ್ಸ್ ಫೈಲಲ್ಲಿದೆ, ಅತ್ತೆ ಫೋಟೋ ತೆಗ್ದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದಾರೆ, ಬೆಳಗ್ಗಿಂದ ನಲವತ್ತು ಕೈಮುಗಿಯೋ ಇಮೋಜಿ ಬಂದಿದೆ.